ಅತ್ತಿಗೆ ಎರಕ ಹೊಯ್ದ ಹೊಳೆ

ಅತ್ತಿಗೆಗೆ ಬೇಕಾಗಿದ್ದುದು ಒಂದು ಮಧ್ಯಾಹ್ನದ ನಿದ್ದೆ. ಒಡವೆ ಬೇಡ, ಪ್ರವಾಸ ಬೇಡ, ಅಯ್ಯೋ ಪಾಪ ಎನ್ನುವವರಂತೂ ಬೇಡವೇ ಬೇಡ. ಊಟದ ತಟ್ಟೆ ತೊಳೆದಿಟ್ಟು, ಪರದೆ ಎಳೆದು, ಹಿಂದಿನ ಕೋಣೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಬೇಕು. ಕಿಟಕಿಯ ಬೆಳಕು ತಾನಾಗಿ ಮಂಕಾಗುವವರೆಗೆ ಯಾರೂ ಕರೆಯಬಾರದು. ಇಷ್ಟೇ ಆಸೆ. ಆದರೆ ಅದಕ್ಕಾಗಿ ಅವಳು ಒಂದು ಹೊಳೆ, ಒಂದು ಗುಡ್ಡ, ಅರ್ಧ ಸುಟ್ಟ ಒಂದು ಗಿರಣಿ ಮತ್ತು ಇಡೀ ಒಂದು ದಂಡನ್ನೇ ತಯಾರು ಮಾಡಬೇಕಾಗಿ ಬಂತು.

ಕರೆಯುವವನು ಮನೆಯಲ್ಲಿ ಒಬ್ಬನೇ, ಗಂಡನ ತಮ್ಮ. ಬಸ್ ಕಂಡಕ್ಟರ್ ಆಗಿ ದುಡಿದು ನಿವೃತ್ತನಾದವನು. ಮದುವೆಯ ಮಾತೆತ್ತಿದಾಗಲೆಲ್ಲ ಮುಂದಿನ ಸ್ಟಾಪಿನಲ್ಲಿ ಇಳಿದುಹೋದವನು. ಮೂರನೇ ಮಹಡಿಯ ಆ ಮನೆಯಲ್ಲಿ ಅಣ್ಣ, ಅತ್ತಿಗೆ, ತಮ್ಮ ಮೂವರೂ ಇದ್ದರು. ಅಣ್ಣ ತೀರಿಕೊಂಡ ಮೇಲೆ ಇಬ್ಬರಾದರು. ಆಮೇಲೆ ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಮಾಡಿಕೊಳ್ಳುತ್ತಿದ್ದ ತಮ್ಮನ ಕೈಯಿಂದ ರೇಜರ್ ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಅಲ್ಲೇ ಕೂತುಬಿಟ್ಟ. ಲಕ್ವ. ಬಲಗೈ, ಬಲಗಾಲು ಎರಡೂ ಅವತ್ತೇ ರಜೆ ಹಾಕಿದವು. ತುಂಬಿದ ಬಸ್ಸಿನ ಹಿಂದಿನ ಬಾಗಿಲಿನಿಂದ ಡ್ರೈವರ್‌ವರೆಗೆ ಕೇಳುತ್ತಿದ್ದ ಗಂಟಲು ಈಗ ಪಕ್ಕದ ಕುರ್ಚಿಗೂ ಸರಿಯಾಗಿ ಮುಟ್ಟುತ್ತಿರಲಿಲ್ಲ. ಮಾತುಗಳು ಬಾಯಿಯ ಒಂದು ಮೂಲೆಯಲ್ಲಿ ಸಿಕ್ಕಿಕೊಂಡು ತುಂಡುತುಂಡಾಗಿ ಹೊರಬರುತ್ತಿದ್ದವು. ಒಂದು ಮಾತು ಮಾತ್ರ ಮೊದಲಿನಷ್ಟೇ ಸ್ವಚ್ಛವಾಗಿ ಉಳಿದಿತ್ತು.

"ಅತ್ತಿಗೆ, ಕನ್ನಡಕ."

"ಅತ್ತಿಗೆ, ದಿಂಬು ಜಾರಿತು."

"ಅತ್ತಿಗೆ... ಏನಿಲ್ಲ. ಇದ್ದೀರಾ ಅಂತ ನೋಡಿದೆ."

"ಇಲ್ಲಪ್ಪ, ಕಿಟಕಿಯಿಂದ ಹಾರಿಹೋಗಿದ್ದೀನಿ" ಎಂದು ಅವಳು ಒಲೆಯ ಮುಂದಿನಿಂದಲೇ ಹೇಳುತ್ತಿದ್ದಳು. ಹೇಳಿ, ಒಲೆ ಸಣ್ಣ ಮಾಡಿ, ಹೋಗಿ ನೋಡಿಯೇ ಬರುತ್ತಿದ್ದಳು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿನಿಂದ ಮತ್ತೆ ಕುರ್ಚಿಗೆ ಅವನನ್ನು ಎತ್ತಿ ಕೂರಿಸುವಷ್ಟರಲ್ಲಿ ಅವಳ ಸೊಂಟ ಹಳೆಯ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು. ರಾತ್ರಿಯ ನಿದ್ದೆಯೂ ತೇಪೆ ಹಾಕಿದ ಬಟ್ಟೆಯಂತೆ ಅಲ್ಲಿಷ್ಟು ಇಲ್ಲಿಷ್ಟು.

ಅತ್ತಿಗೆ ದುಡಿಮೆಗೆ ಹೊಸಬಳಲ್ಲ. ತಾಯಿ ಹೋದ ವರ್ಷವೇ ಶಾಲೆ ಬಿಡಿಸಿ, ಹಲ್ಲಿನ ಸೆಟ್ಟು ಕಟ್ಟುವ ಒಂದು ಕಾರ್ಖಾನೆಗೆ ಅವಳನ್ನು ಸೇರಿಸಿದ್ದರು. ಕಾರ್ಖಾನೆ ಎಂದರೆ ದೊಡ್ಡದೇನಲ್ಲ. ಹಲ್ಲಿನ ಡಾಕ್ಟರುಗಳು ಬೊಚ್ಚು ಬಾಯಿಗಳ ಅಚ್ಚು ತೆಗೆದು ಕಳಿಸುತ್ತಿದ್ದ ಎರಡು ಕೋಣೆಗಳ ಮನೆ. ಮೊದಲು ನೆಲ ಗುಡಿಸಿದಳು. ಆಮೇಲೆ ರಬ್ಬರಿನ ಬಟ್ಟಲಿನಲ್ಲಿ ಪ್ಲಾಸ್ಟರ್ ಕಲಸಿದಳು. ಕಲಸುತ್ತ ಕಲಸುತ್ತ ಅಚ್ಚಿಗೆ ಹೊಯ್ಯಲು, ಮೇಣ ಕೆತ್ತಲು, ಹಲ್ಲು ಕೂರಿಸಲು ಕಲಿತಳು. ಕೂದಲು ಬೆಳ್ಳಗಾಗುವವರೆಗೆ ಅದೇ ಕೆಲಸ. ಪ್ಲಾಸ್ಟರ್ ಕುಡಿದು ಕುಡಿದು ಅವಳ ಅಂಗೈಗಳು ಬಿರುಕು ಬಿಟ್ಟ ಗೋಡೆಯ ಹಾಗಾದವು. ಬೀದಿಯಲ್ಲಿ ಯಾರಾದರೂ ಎದುರಾದರೆ ಅವಳು ನೋಡುತ್ತಿದ್ದುದು ಮುಖವನ್ನಲ್ಲ, ಬಾಯನ್ನು. "ಅವರಾ? ಮೇಲಿನದು ಪೂರ್ತಿ ಕಟ್ಟಿಸಿದ್ದು, ಕೆಳಗಿನದು ಸ್ವಂತ" ಎಂದು ಗುರುತು ಹೇಳುತ್ತಿದ್ದಳು.

ಮದುವೆಯೂ ಅಲ್ಲೇ ಕುದುರಿದ್ದು. ತಾಯಿಯ ಹಲ್ಲಿನ ಸೆಟ್ಟು ತೆಗೆದುಕೊಂಡು ಹೋಗಲು ಬಂದವನೊಬ್ಬ, ಕಚ್ಚುತ್ತೆ ಅಂತ ಒಂದು ಸಲ, ಸಡಿಲವಾಯಿತು ಅಂತ ಇನ್ನೊಂದು ಸಲ, ಬಣ್ಣ ಸರಿಯಿಲ್ಲ ಅಂತ ಮತ್ತೊಂದು ಸಲ ಬಂದ. ಹಲ್ಲಿನಲ್ಲಿ ಯಾವ ಊನವೂ ಇಲ್ಲ, ಊನವಿರುವುದು ಇವನಲ್ಲಿ ಎಂದು ಅವಳಿಗೆ ಗೊತ್ತಾಗುವಷ್ಟರಲ್ಲಿ ಮಾತುಕತೆ ಮುಗಿದಿತ್ತು. ಅತ್ತೆ ಕೊನೆಯವರೆಗೂ ಆ ಹಲ್ಲುಗಳನ್ನೇ ಹಾಕಿಕೊಂಡಿದ್ದರು. ತಾನೇ ಕಟ್ಟಿದ ಹಲ್ಲುಗಳಿಂದ ಬೈಸಿಕೊಂಡ ಸೊಸೆ ಈ ಲೋಕದಲ್ಲಿ ನಾನೊಬ್ಬಳೇ ಎಂದು ಅತ್ತಿಗೆ ಎಲ್ಲರ ಮುಂದೆಯೂ ಹೇಳಿಕೊಳ್ಳುತ್ತಿದ್ದಳು.

ಮದುವೆಯಾಗಿ ಬಂದ ದಿನವೇ ಅವಳು ಮೈದುನನ ಸೈನ್ಯವನ್ನು ನೋಡಿದ್ದು. ಮುಂದಿನ ಕೋಣೆಯ ಗಾಜಿನ ಕಪಾಟಿನಲ್ಲಿ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರದ ಲೋಹದ ಸಿಪಾಯಿಗಳು ಸಾಲಾಗಿ ನಿಂತಿದ್ದರು. ಕುದುರೆಗಳು, ಫಿರಂಗಿಗಳು, ನಗಾರಿ ಬಾರಿಸುವವರು. "ಆಟದ ಸಾಮಾನಾ?" ಎಂದು ಕೇಳಿದ್ದಕ್ಕೆ ಮೈದುನ ಎರಡು ದಿನ ಮುಖ ಊದಿಸಿಕೊಂಡಿದ್ದ. ಅದು ಆಟದ ಸಾಮಾನಲ್ಲ. ಚರಿತ್ರೆಯಲ್ಲಿ ನಡೆದ ಕಾಳಗಗಳನ್ನು ಮೇಜಿನ ಮೇಲೆ ಮತ್ತೆ ಹೂಡುವುದು. ಕಾಳಗ ನಡೆದ ಜಾಗ ಹೇಗಿತ್ತೋ ಹಾಗೆಯೇ ಹೊಳೆ, ದಿಣ್ಣೆ, ಬೇಲಿ ಎಲ್ಲವನ್ನೂ ಕಟ್ಟಿ, ಎರಡೂ ಕಡೆಯ ಸೈನ್ಯ ನಿಲ್ಲಿಸಿ, ಟೇಪು ಹಿಡಿದು ಇಂಚಿಂಚೇ ಮುಂದೆ ಸರಿಸಿ, ಗುಂಡು ತಾಗಿತೋ ಇಲ್ಲವೋ ಎನ್ನುವುದಕ್ಕೆ ದಾಳ ಉರುಳಿಸುವುದು. "ನನ್ನ ತಮ್ಮನಿಗೆ ಮಕ್ಕಳಿಲ್ಲ ಅಂತ ಯಾರು ಹೇಳಿದ್ದು?" ಎನ್ನುತ್ತಿದ್ದ ಗಂಡ. "ಕಪಾಟು ತುಂಬ ಇದ್ದಾರೆ. ಒಬ್ಬೊಬ್ಬನ ಕೈಲೂ ಬಂದೂಕು. ಅದಕ್ಕೇ ನಾನು ಆಸ್ತಿಯ ಮಾತು ಎತ್ತೋದಿಲ್ಲ." ತಮ್ಮನಿಗೆ ದಂಡನಾಯಕ ಎಂದು ಹೆಸರಿಟ್ಟವನೂ ಅವನೇ. ಆ ಹೆಸರು ಅಂಟಿಕೊಂಡಿತು.

ದಂಡನಾಯಕನ ಆಟಕ್ಕೆ ಜೊತೆಗಾರರು ಇಬ್ಬರು. ಒಬ್ಬರು ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು. ಕೋಟಿನ ಗುಂಡಿ ಯಾವ ಬಣ್ಣದ್ದಿತ್ತು ಎಂದು ಅರ್ಧ ದಿನ ವಾದ ಮಾಡಬಲ್ಲವರು. ಇನ್ನೊಬ್ಬ ಬಸ್ ನಿಲ್ದಾಣದ ಬಳಿ ಕೀಲಿಕೈ ಮಾಡುವ ಬೀಗದಣ್ಣ. ಚರಿತ್ರೆ ಹಾಳಾಗಿ ಹೋಗಲಿ, ದಾಳ ಉರುಳಿಸಲು ಕೊಟ್ಟರೆ ಸಾಕು ಎನ್ನುವವನು. ಪ್ರತಿ ಭಾನುವಾರ ಮೂವರೂ ಕೂಡುತ್ತಿದ್ದರು. ಅವರ ನಡುವೆ ಎರಡು ಕಟ್ಟಳೆಗಳಿದ್ದವು. ಬಣ್ಣ ಹಚ್ಚದ ಸಿಪಾಯಿ ಮೇಜು ಹತ್ತುವ ಹಾಗಿಲ್ಲ. ಮತ್ತೆ, ಕಾಳಗದ ನೆಲ ಯಾರು ಕಟ್ಟುತ್ತಾರೋ ಆಟ ಅವರ ಮನೆಯಲ್ಲೇ.

ಲಕ್ವ ಹೊಡೆದ ಮೇಲೂ ಇಬ್ಬರೂ ಬರುತ್ತಿದ್ದರು. ಹಳೆಯ ನೆಲ, ಹಳೆಯ ಸೈನ್ಯ ಇಟ್ಟುಕೊಂಡು ಆಡುತ್ತಿದ್ದರು. ಅವರು ಬಂದರೆ ಅತ್ತಿಗೆಗೆ ಊಟದಿಂದ ದೀಪ ಹಚ್ಚುವ ಹೊತ್ತಿನವರೆಗೆ ಬಿಡುವು. ಕನ್ನಡಕ ಕೊಡುವವರು ಇದ್ದರು, ದಿಂಬು ಸರಿಮಾಡುವವರು ಇದ್ದರು. ವಾರದಲ್ಲಿ ಅವಳು ಪೂರ್ತಿ ಕಣ್ಣು ಮುಚ್ಚುತ್ತಿದ್ದುದು ಅದೊಂದೇ ಮಧ್ಯಾಹ್ನ. ಆ ಆಸರೆಗೂ ಒಂದು ದಿನ ಕೊಡಲಿ ಬಿತ್ತು.

"ನೋಡಪ್ಪ ದಂಡನಾಯಕ," ಎಂದರು ಮೇಷ್ಟ್ರು ಅವತ್ತು ಹೊರಡುವಾಗ, ಬಾಗಿಲ ಬಳಿ ಮಂಡಿ ಉಜ್ಜಿಕೊಳ್ಳುತ್ತ. "ಆಡಿದ್ದನ್ನೇ ಎಷ್ಟು ಸಲ ಆಡೋದು? ಹೊಳೆಯ ಕಾಳಗ ಆಡಬೇಕು ಅಂತ ನೀನೇ ಹೇಳ್ತಿದ್ದೆ. ನನ್ನ ಬೂದು ಸೈನ್ಯ ರೆಡಿ ಆಗಿ ಕಾಯ್ತಾ ಇದೆ. ನಿನ್ನ ನೀಲಿಯವರು ಇನ್ನೂ ಬರೀ ಮೈಯಲ್ಲಿ ಡಬ್ಬದಲ್ಲಿದ್ದಾರೆ. ಇನ್ನು ನೆಲ..." ದಂಡನಾಯಕನ ಮಡಿಲಲ್ಲಿ ಬಿದ್ದಿದ್ದ ಬಲಗೈ ಅವರ ಕಣ್ಣಿಗೆ ಬಿತ್ತು. ಮಾತು ಬದಲಿಸಿದರು. "ನೆಲ ನಾನೇ ಕಟ್ತೀನಿ. ನಮ್ಮ ಮನೆಯಲ್ಲೇ ಆಡೋಣ. ಕೆಳಗಿನ ಮನೆ, ಮೆಟ್ಟಿಲ ಕಾಟ ಇಲ್ಲ."

"ನಮ್ಮ ಮಂಡಿಗೂ ವಯಸ್ಸಾಯ್ತು ಗುರೂ" ಎಂದ ಬೀಗದಣ್ಣ, ನೆಲ ನೋಡುತ್ತ.

ದಂಡನಾಯಕ ತನ್ನ ಬಲಗಾಲಿನ ಕಡೆ ನೋಡಿದ. ಮೂರು ಮಹಡಿ ಇಳಿದು ಹೋಗಿ ಮತ್ತೆ ಹತ್ತಿ ಬರುವ ಕಾಲು ಅವನಿಗಿಲ್ಲ ಎನ್ನುವುದು ಆ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹೇಳಿದ ಮೇಷ್ಟ್ರಿಗೂ ಗೊತ್ತಿತ್ತು. ಅತ್ತಿಗೆ ಅಡುಗೆಮನೆಯ ಹೊಸಿಲಲ್ಲಿ ಲೋಟ ಒರೆಸುತ್ತ ನಿಂತಿದ್ದಳು. ಆಟ ಈ ಮನೆ ಬಿಟ್ಟು ಹೋದರೆ ಇವನು ಗೋಡೆ ನೋಡುತ್ತ ಕೂರುತ್ತಾನೆ, ಇವನ ಜೊತೆ ನಾನೂ ಕೂರಬೇಕು. ಭಾನುವಾರವೂ ಉಳಿದ ದಿನಗಳ ಹಾಗೇ ಆಗುತ್ತದೆ.

"ನೆಲ ಈ ಮನೇಲೇ ಆಗುತ್ತೆ ಮೇಷ್ಟ್ರೇ" ಎಂದು ಅವಳ ಬಾಯಿ ಅವಳನ್ನು ಕೇಳದೆಯೇ ಹೇಳಿಬಿಟ್ಟಿತು. "ಸಿಪಾಯಿಗಳಿಗೂ ಬಟ್ಟೆ ತೊಡಿಸೋಣ. ಸ್ವಲ್ಪ ಕಾಲ ಕೊಡಿ."

"ನೀವಾ ಅತ್ತಿಗೆ?"

"ಯಾಕೆ, ಜನರಿಗೆ ಹಲ್ಲು ಕೊಟ್ಟವಳಿಗೆ ಒಂದು ಗುಡ್ಡ ಕೊಡಕ್ಕಾಗಲ್ವಾ?"

ಅವರು ಇಳಿದುಹೋದ ಮೇಲೆ ಅವಳಿಗೆ ಭಯವಾಯಿತು. ಹೇಳಿದ್ದನ್ನು ನುಂಗುವ ಹಾಗಿರಲಿಲ್ಲ. ದಂಡನಾಯಕ ಆಗಲೇ ಎಡಗೈಯಲ್ಲಿ ಡಬ್ಬದ ಮುಚ್ಚಳ ತೆಗೆಯಲು ಒದ್ದಾಡುತ್ತಿದ್ದ.

ಕೆಲಸ ಶುರುವಾಯಿತು. ಬೆಳಗಿನ ಕೆಲಸ ಮುಗಿದು ಅವನನ್ನು ಕಿಟಕಿಯ ಬಳಿ ಕೂರಿಸಿದ ಮೇಲೆ ಅವಳೂ ಎದುರಿಗೆ ಕೂರುತ್ತಿದ್ದಳು. ಅಚ್ಚಿನಿಂದ ಬಂದ ಪ್ರತಿ ಸಿಪಾಯಿಯ ಮೈಮೇಲೂ ತಲೆಯಿಂದ ಕಾಲಿನವರೆಗೆ ಒಂದು ಸಣ್ಣ ಏಣು ಇರುತ್ತದೆ. ಅಚ್ಚಿನ ಎರಡು ಹೋಳುಗಳು ಕೂಡುವ ಗೆರೆ. ಅದನ್ನು ಕೆರೆದು ತೆಗೆಯಬೇಕು. ಅದು ಅತ್ತಿಗೆಗೆ ನೀರು ಕುಡಿದಷ್ಟು ಸುಲಭ. ಹಳೆಯ ಮೇಣದ ಚಾಕು ಟ್ರಂಕಿನಲ್ಲಿ ಇನ್ನೂ ಇತ್ತು. ಸೋಪಿನ ನೀರಲ್ಲಿ ಎಲ್ಲರಿಗೂ ಸ್ನಾನ ಮಾಡಿಸಿದಳು. ಒಣಗಿದ ಮೇಲೆ ಕಾಲ ಕೆಳಗೆ ಒಂದೊಂದು ರಟ್ಟಿನ ಬಿಲ್ಲೆ ಅಂಟಿಸಿದಳು. ಬೂದು ಬಣ್ಣದ ತಳಹದಿ ಹಚ್ಚಿದಳು. ಇಲ್ಲಿಯವರೆಗೆ ಸುಖ. ಕಷ್ಟ ಶುರುವಾದದ್ದು ಕುಂಚ ಹಿಡಿದಾಗ.

"ಬಣ್ಣ ಗಟ್ಟಿ" ಎನ್ನುತ್ತಿದ್ದ ದಂಡನಾಯಕ. ಎಡಗೈಯಲ್ಲಿ ಒಂದು ಪೆನ್ಸಿಲ್ ಹಿಡಿದುಕೊಂಡು ತಪ್ಪು ತೋರಿಸುವುದು ಅವನ ಕೆಲಸ. "ನೀರು. ಇನ್ನೂ ನೀರು."

"ಇನ್ನು ನೀರು ಹಾಕಿದರೆ ಇವರು ಈಜಬೇಕಾಗುತ್ತೆ."

"ತೆಳ್ಳಗೆ. ಎರಡು ಸಲ. ಕಣ್ಣು ಬೇಡ ಅತ್ತಿಗೆ!"

"ಕಣ್ಣು ಬೇಡವಾ? ಕುರುಡರನ್ನ ಯುದ್ಧಕ್ಕೆ ಕಳಿಸ್ತೀಯಾ?"

"ಕಣ್ಣು ಬರೆದರೆ... ದೆವ್ವ ಕಂಡ ಹಾಗೆ... ಕಾಣ್ತಾರೆ."

ಅವನ ಮಾತು ಮೀರಿ ಅವಳು ಒಬ್ಬನಿಗೆ ಕಣ್ಣು ಬರೆದಳು. ಅವನು ನಿಜವಾಗಿಯೂ ದೆವ್ವ ಕಂಡವನ ಹಾಗೆಯೇ ಕಂಡ. ಇಬ್ಬರೂ ನಕ್ಕರು, ದಂಡನಾಯಕ ನಕ್ಕರೆ ಈಗ ಮುಖದ ಅರ್ಧ ಮಾತ್ರ ನಗುತ್ತಿತ್ತು. ಆ ಸಿಪಾಯಿಯನ್ನು ಹಾಗೆಯೇ ಬಿಟ್ಟರು, ಹಿಂದಿನ ಸಾಲಿನಲ್ಲಿ.

ನೀಲಿ ಕೋಟು, ಬಿಳಿ ಪಟ್ಟಿ, ಕಂದು ಚೀಲ. ಒಬ್ಬನದು ಮುಗಿಸಿ ಇನ್ನೊಬ್ಬನನ್ನು ಹಿಡಿಯುವುದಲ್ಲ, ಎಲ್ಲರ ಕೋಟು ಮೊದಲು, ಆಮೇಲೆ ಎಲ್ಲರ ಪಟ್ಟಿ. ಕೊನೆಯಲ್ಲಿ ಕೊಳೆ ನೀರಿನಂಥ ಕಂದು ಬಣ್ಣ ಮೈಮೇಲೆಲ್ಲ ಹರಿಸಿದರೆ ಅದು ಬಟ್ಟೆಯ ಮಡಿಕೆಗಳಿಗೆ ಇಳಿದು ನಿಂತು ನೆರಳಾಗುತ್ತದೆ. ಅಲ್ಲಿಯವರೆಗೆ ಬೊಂಬೆಯಂತಿದ್ದವನು ಒಮ್ಮೆಲೇ ಬಹಳ ದೂರ ನಡೆದು ಬಂದವನಂತೆ ಕಾಣುತ್ತಾನೆ. ಅತ್ತಿಗೆಗೆ ಅದು ಹಿಡಿಸಿತು. "ಇವರಿಗೂ ನಿದ್ದೆ ಇಲ್ಲ ನೋಡು" ಎಂದಳು ಒಬ್ಬನನ್ನು ಬೆಳಕಿಗೆ ಹಿಡಿದು. ದಂಡನಾಯಕ ಸಿಪಾಯಿಯನ್ನು ನೋಡಲಿಲ್ಲ, ಅವಳನ್ನು ನೋಡಿದ. ಅವಳ ಕಣ್ಣ ಕೆಳಗೂ ಅದೇ ಕಂದು ನೆರಳಿತ್ತು.

ಬಣ್ಣ ಮುಗಿಯುವ ಹೊತ್ತಿಗೆ ಅವಳು ಸೋತು ಸುಣ್ಣವಾಗಿದ್ದಳು. ಕುಂಚ ಹಿಡಿದ ಕೈಯಲ್ಲೇ ತೂಕಡಿಸಿ, ಒಬ್ಬ ಸರದಾರನ ಕುದುರೆಗೆ ನೀಲಿ ಬಾಲ ಬರೆದಿದ್ದೂ ಉಂಟು. ನೆಲ ಇನ್ನೂ ಆಗಬೇಕಿತ್ತು. ಆಟ ಬರುವ ಭಾನುವಾರವೇ ಎಂದು ಮೇಷ್ಟ್ರು ಗೊತ್ತು ಮಾಡಿದ್ದರು.

ನೆಲ ಹೇಗಿರಬೇಕು ಎನ್ನುವುದು ಮೇಷ್ಟ್ರ ಪುಸ್ತಕದ ನಕ್ಷೆಯಲ್ಲಿತ್ತು. ನೀಲಿಯವರ ಬಲಗಡೆಗೆ ಹೊಳೆ. ಎಡಗಡೆಗೆ ಗುಡ್ಡ. ಹೊಳೆಯ ದಡದಲ್ಲಿ, ನೀಲಿಯವರ ಹತ್ತಿರಕ್ಕೆ, ಗಿರಣಿ. ಮಾಮೂಲಾಗಿ ಇಂಥ ನೆಲವನ್ನು ದಂಡನಾಯಕ ಥರ್ಮೋಕೋಲ್ ಹಾಳೆ ಪೇರಿಸಿ, ಬ್ಲೇಡಿನಿಂದ ಕೊರೆದು ಮಾಡುತ್ತಿದ್ದ. ಅಷ್ಟು ಕೊರೆಯುವ ತಾಳ್ಮೆ, ತೋಳು ಎರಡೂ ಅತ್ತಿಗೆಯಲ್ಲಿ ಉಳಿದಿರಲಿಲ್ಲ. ಅವಳ ಕೈಗೆ ಗೊತ್ತಿದ್ದ ದಾರಿ ಒಂದೇ: ಅಚ್ಚು ಮಾಡು, ಹೊಯ್ಯಿ, ಮಗುಚು.

ಹಳೆಯ ಕಪಾಟಿನ ಬಾಗಿಲನ್ನು ನೆಲಕ್ಕೆ ಹಾಸಿ, ಸುತ್ತ ಪಟ್ಟಿ ಹೊಡೆದು, ಜೇಡಿಮಣ್ಣು ತುಂಬಿದಳು. ನಡುವೆ ರಟ್ಟು ನಿಲ್ಲಿಸಿ ನಾಲ್ಕು ಭಾಗ ಮಾಡಿದಳು, ಎತ್ತಲು ಹಗುರವಾಗಲಿ ಎಂದು. ಅಚ್ಚಿನಲ್ಲಿ ಎಲ್ಲವೂ ಉಲ್ಟಾ ಎನ್ನುವುದು ಅವಳಿಗೆ ನಿದ್ದೆಯಲ್ಲೂ ಗೊತ್ತು. ಗುಡ್ಡ ಬೇಕಾದ ಕಡೆ ಮಣ್ಣಿನಲ್ಲಿ ಗುಂಡಿ ತೋಡಬೇಕು, ಹೊಳೆ ಬೇಕಾದ ಕಡೆ ಮಣ್ಣಿನ ದಿಂಡು ಏಳಿಸಬೇಕು. ನಕ್ಷೆಯನ್ನು ಗೋಡೆಗೆ ಒರಗಿಸಿಕೊಂಡು ಹಾಗೆಯೇ ಮಾಡಿದಳು. ಚಮಚದ ಹಿಂಬದಿಯಿಂದ ಗುಡ್ಡದ ಇಳಿಜಾರು ಸವರಿದಳು. ನಿಜವಾದ ಕಲ್ಲನ್ನು ಒತ್ತಿ ಬಂಡೆಯ ಗುರುತು ಮೂಡಿಸಿದಳು. ಅಂಟದಿರಲಿ ಎಂದು ಸೋಪಿನ ನೀರು ಬಳಿದಳು. ಹಳೆಯ ಬಟ್ಟೆಯ ಚಿಂದಿಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಅದ್ದಿ ಹಾಸಿದಳು. ವರ್ಷಗಳ ನಂತರ ಅಂಗೈಯಲ್ಲಿ ಪ್ಲಾಸ್ಟರ್ ಬಿಸಿಯಾಗುವುದು ತಿಳಿಯಿತು. ಗಟ್ಟಿಯಾಗುವ ಮುಂಚೆ ಅದು ಹಾಗೆ ಬಿಸಿಯಾಗುತ್ತದೆ, ಜ್ವರ ಬಂದವರ ಹಣೆಯ ಹಾಗೆ.

ಗುರುವಾರ ಮಗುಚಿದಳು. ನಾಲ್ಕೂ ತುಂಡು ಒಂದೂ ಒಡೆಯದೆ ಬಂದವು. ಹೊಳೆಯ ತುದಿಗೆ ಹೊಳೆಯ ತುದಿ ಸೇರಿಸಿ ಮೇಜಿನ ಮೇಲೆ ಜೋಡಿಸಿದಳು. ಕೂದಲೆಳೆಯಷ್ಟೂ ಸಂದಿಲ್ಲದಂತೆ ಕೂಡಿಕೊಂಡವು. ಅವಳು ನೋಡಿದ್ದು ಅಷ್ಟೇ. ದಂಡನಾಯಕನ ಕುರ್ಚಿಯನ್ನು ಮೇಜಿನ ಬಳಿಗೆ ತಳ್ಳಿಕೊಂಡು ಬಂದಳು.

ಅವನು ಬಹಳ ಹೊತ್ತು ನೋಡಿದ. ಎಡಗೈಯ ಬೆರಳು ಗಾಳಿಯಲ್ಲಿ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಆಡಿತು.

"ಅತ್ತಿಗೆ... ಇದನ್ನ ಮತ್ತೆ ಮಾಡಬೇಕು ಅಂದ್ರೆ... ತುಂಬಾ ಕೆಲಸವಾ?"

"ಮತ್ತೆ ಮಾಡೋದಾ!" ಅತ್ತಿಗೆ ಸ್ಟೂಲಿನ ಮೇಲೆ ಕುಸಿದಳು. ಕೂದಲಿನಲ್ಲಿ, ಹುಬ್ಬಿನಲ್ಲಿ ಬಿಳಿ ಪುಡಿ. "ಇನ್ನೊಂದು ಸಲ ಪ್ಲಾಸ್ಟರ್ ಕಲಸು ಅನ್ನೋ ಬದಲು ನನ್ನನ್ನೇ ಅದರೊಳಗೆ ಹೂತುಬಿಡಪ್ಪ. ಯಾಕೆ, ಏನಾಗಿದೆ?"

ಅವನು ಅವಳ ಕೈ ನೋಡಿದ. ಬಿರುಕುಗಳಲ್ಲಿ ಪ್ಲಾಸ್ಟರ್ ಕೂತು ಬೆರಳುಗಳೆಲ್ಲ ಹೊಲಿದಂತೆ ಕಾಣುತ್ತಿದ್ದವು.

"ಏನಿಲ್ಲ. ಚೆನ್ನಾಗಿದೆ" ಎಂದ. "ತುಂಬಾ ಚೆನ್ನಾಗಿದೆ ಅತ್ತಿಗೆ."

ಶುಕ್ರವಾರ, ಶನಿವಾರ ಅಲಂಕಾರ. ಮಣ್ಣಿನ ಬಣ್ಣ, ಅದರ ಮೇಲೆ ಒಣ ಕುಂಚದಿಂದ ತಿಳಿ ಬಣ್ಣ ಸವರಿ ಬಂಡೆಗಳ ಅಂಚು ಎತ್ತಿದಳು. ಅಂಟು ಬಳಿದು, ಹಸಿರು ಹಚ್ಚಿ ಒಣಗಿಸಿದ ಮರದ ಹೊಟ್ಟು ಉದುರಿಸಿದಳು, ಅದೇ ಹುಲ್ಲು. ಒಣ ಬೇರಿನ ತುಂಡುಗಳಿಗೆ ಸ್ಪಂಜಿನ ಚೂರು ಸಿಕ್ಕಿಸಿ ಮರ, ಬೆಂಕಿಕಡ್ಡಿಯ ಬೇಲಿ, ರಟ್ಟಿನ ಗಿರಣಿ. ಗಿರಣಿಯ ಅರ್ಧ ಚಾವಣಿಯನ್ನು ಮೇಣದಬತ್ತಿಗೆ ಹಿಡಿದು ನಿಜವಾಗಿಯೇ ಸುಟ್ಟಳು. ಹೊಳೆಗೆ ಹಸಿರುಗಪ್ಪು ಬಣ್ಣ, ಮೇಲೆ ಮೂರು ಪದರ ವಾರ್ನಿಶ್. ಒಣಗಿದಾಗ ಕಿಟಕಿಯ ಸರಳುಗಳು ಅದರಲ್ಲಿ ಕಂಡವು. ಈ ಎರಡು ದಿನವೂ ದಂಡನಾಯಕ ಒಂದು ತಪ್ಪನ್ನೂ ತೋರಿಸಲಿಲ್ಲ. ನೀರು, ಗಟ್ಟಿ, ತೆಳ್ಳಗೆ ಯಾವ ಮಾತೂ ಇಲ್ಲ. ಸುಮ್ಮನೆ ನೆಲವನ್ನು ನೋಡುತ್ತ, ತುಟಿಯಲ್ಲೇ ಏನೋ ಲೆಕ್ಕ ಹಾಕುತ್ತ ಕೂತಿದ್ದ. ಅವಳೂ ಕೇಳಲಿಲ್ಲ. ಅವಳ ತಲೆಯಲ್ಲಿದ್ದುದು ಮಂಚ, ಪರದೆ, ಗೋಡೆ.

ಭಾನುವಾರ ಇಬ್ಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದರು. ಬೀಗದಣ್ಣ ಮೇಜನ್ನು ನೋಡಿ ಬಾಯಿಯ ಮೇಲೆ ಕೈಯಿಟ್ಟುಕೊಂಡ. "ಅಯ್ಯಯ್ಯೋ ಅತ್ತಿಗೆ! ಇದರಲ್ಲಿ ಯುದ್ಧ ಯಾಕೆ, ಒಂದು ಸೈಟು ಕೊಡಿ, ಮನೆ ಕಟ್ಟಿಸ್ತೀನಿ."

ಮೇಷ್ಟ್ರು ಮೇಜಿನ ಹತ್ತಿರ ಬಂದರು. ಪುಸ್ತಕ ತೆರೆದರು. ನಕ್ಷೆ ನೋಡಿದರು, ಮೇಜು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ನೋಡಿದರು.

"ಹೊಳೆ ಯಾಕೆ ಎಡಗಡೆ ಇದೆ?"

ಅತ್ತಿಗೆ ಟೀ ತಟ್ಟೆ ಹಿಡಿದು ಅಲ್ಲೇ ನಿಂತಳು.

"ನೀಲಿಯವರು ಇಲ್ಲಿ ನಿಲ್ತಾರೆ. ಹೊಳೆ ಅವರ ಬಲಗಡೆ ಇರಬೇಕು. ಇದು ಎಡಗಡೆ ಇದೆ. ಗುಡ್ಡ ಬಲಕ್ಕೆ ಬಂದಿದೆ."

"ಅಷ್ಟೇ ತಾನೇ? ಮೇಜು ತಿರುಗಿಸಿದ್ರೆ ಆಯ್ತು" ಎಂದ ಬೀಗದಣ್ಣ. ಇಬ್ಬರೂ ಉಸಿರು ಬಿಗಿಹಿಡಿದು ಮೇಜನ್ನು ಅರ್ಧ ಸುತ್ತು ತಿರುಗಿಸಿದರು. ಹೊಳೆ ಬಲಕ್ಕೆ ಬಂತು. ಗಿರಣಿ ಎದುರಾಳಿಗಳ ಪಾಲಾಯಿತು. "ಈಗ ಗಿರಣಿ ಅಲ್ಲಿಗೆ ಹೋಯ್ತಲ್ಲ!" ಎಂದರು ಮೇಷ್ಟ್ರು. ಮತ್ತೆ ತಿರುಗಿಸಿದರು. ಗಿರಣಿ ಬಂತು, ಹೊಳೆ ಹೋಯಿತು. ಬೀಗದಣ್ಣ ನಾಲ್ಕೂ ತುಂಡುಗಳನ್ನು ಅದಲುಬದಲು ಮಾಡಲು ಹೋದ; ಹೊಳೆ ಹರಿದು ಹೋಗಿ ಒಂದು ಬೇಲಿಗೆ ಡಿಕ್ಕಿ ಹೊಡೆದು ನಿಂತಿತು.

"ಬಿಡಿ, ಸುಮ್ಮನೆ ಬೆವರಬೇಡಿ" ಎಂದಳು ಅತ್ತಿಗೆ. ಅವಳಿಗೆ ಎಲ್ಲ ಹೊಳೆದಿತ್ತು. "ಬಲಗಾಲಿನ ಚಪ್ಪಲಿ ಎಷ್ಟು ತಿರುಗಿಸಿದರೂ ಎಡಗಾಲಿಗೆ ಆಗಲ್ಲ. ತಪ್ಪಾಗಿರೋದು ನನ್ನ ಅಚ್ಚಿನಲ್ಲಿ."

ಮಗುಚಿದಾಗ ತಗ್ಗು ಉಬ್ಬಾಗುವುದಷ್ಟೇ ಅಲ್ಲ, ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಲ್ಲಿನ ಕೆಲಸದಲ್ಲಿ ಅವಳು ಅದನ್ನು ಒಂದು ದಿನವೂ ಯೋಚಿಸಬೇಕಾಗಿರಲಿಲ್ಲ. ಅಲ್ಲಿ ಅಚ್ಚು ಒತ್ತಿ ಕೊಡುತ್ತಿದ್ದುದು ಬಾಯಿ. ಎಡಬಲ ತಿರುಗಿಸುವ ಕೆಲಸವನ್ನು ಅದೇ ಮಾಡಿ ಮುಗಿಸಿರುತ್ತಿತ್ತು. ಇಲ್ಲಿ ಅವಳೇ ನಕ್ಷೆ ನೋಡಿ ಕೈಯಾರೆ ಮಣ್ಣು ತಿದ್ದಿದ್ದಳು. ತಗ್ಗು ಉಬ್ಬು ನೆನಪಿಟ್ಟುಕೊಂಡು ಎಡಬಲ ಮರೆತಿದ್ದಳು. ಪ್ಲಾಸ್ಟರ್ ಮುಟ್ಟದವರಾಗಿದ್ದರೆ ನೇರವಾಗಿ ಗುಡ್ಡ ಕಟ್ಟುತ್ತಿದ್ದರು, ಈ ತಪ್ಪೇ ಆಗುತ್ತಿರಲಿಲ್ಲ.

"ನೋಡಿ, ಕೆಲಸ ಬಹಳ ಚೆನ್ನಾಗಿದೆ ಅತ್ತಿಗೆ," ಎಂದರು ಮೇಷ್ಟ್ರು ಪುಸ್ತಕ ಮುಚ್ಚುತ್ತ. "ಆದರೆ ಇದು ಆ ಜಾಗ ಅಲ್ಲ. ನಾನು ನಮ್ಮ ಮನೆಯಲ್ಲೇ..."

"ಹೊಸದಾಗಿ ಮಾಡ್ತೀನಿ" ಎಂದಳು ಅತ್ತಿಗೆ. ಮಾತು ಬಾಯಿಂದ ಬಂತು, ಮೈ ಅದಕ್ಕೆ ಒಪ್ಪಲಿಲ್ಲ. ಮತ್ತೆ ಮಣ್ಣು, ಮತ್ತೆ ಚಿಂದಿ, ಮತ್ತೆ ಹೊಟ್ಟು. ತಟ್ಟೆಯ ಮೇಲೆ ಟೀ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಬೀಗದಣ್ಣ ಬೇಗ ಬಂದು ತಟ್ಟೆ ಇಸಿದುಕೊಂಡ.

"ಬೇಡ."

ಎಲ್ಲರೂ ತಿರುಗಿ ನೋಡಿದರು. ದಂಡನಾಯಕ ಕುರ್ಚಿಯಲ್ಲಿ ನೆಟ್ಟಗಾಗಲು ಹೆಣಗುತ್ತಿದ್ದ.

"ಹೊಸದು ಬೇಡ. ನಾನು ನೋಡಿದ್ದೆ. ಗುರುವಾರ."

"ನೋಡಿದ್ಯಾ? ನೋಡಿ ಸುಮ್ಮನಿದ್ಯಾ?" ಎಂದರು ಮೇಷ್ಟ್ರು.

"ಹೇಳಿದ್ರೆ... ಒಡೆದು ಮತ್ತೆ ಮಾಡ್ತಿದ್ರು. ಅವರ ಕೈ ನೋಡಿ ಮೇಷ್ಟ್ರೇ." ಉಸಿರು ತೆಗೆದುಕೊಂಡ. "ಸೈನ್ಯ ತಿರುಗಿಸೋಣ. ಬಲಗಡೆಯವರು ಎಡಕ್ಕೆ. ಎಡಗಡೆಯವರು ಬಲಕ್ಕೆ. ನಿಮ್ಮವರು, ನಮ್ಮವರು, ಎಲ್ಲಾ. ಆಗ ಹೊಳೆ ಯಾರ ಪಕ್ಕ ಇರಬೇಕೋ ಅವರ ಪಕ್ಕಾನೇ ಇರುತ್ತೆ. ನಾನು ಲೆಕ್ಕ ಹಾಕಿದ್ದೀನಿ. ಮನಸ್ಸಲ್ಲೇ. ಒಂದು ಫಿರಂಗಿಯೂ ತಪ್ಪಲ್ಲ."

ಇಷ್ಟುದ್ದ ಅವನು ಮಾತಾಡಿದ್ದನ್ನು ಲಕ್ವ ಹೊಡೆದ ಮೇಲೆ ಯಾರೂ ಕೇಳಿರಲಿಲ್ಲ. ಹಣೆಯ ಮೇಲೆ ಬೆವರೊಡೆದಿತ್ತು.

ಮೇಷ್ಟ್ರು ಪುಸ್ತಕ ಮತ್ತೆ ತೆರೆದರು. ಬೆರಳಿಟ್ಟು ಒಂದೊಂದೇ ಪಡೆಯನ್ನು ಎಡದಿಂದ ಬಲಕ್ಕೆ ಸರಿಸಿ ನೋಡಿದರು. ತಪ್ಪು ಹುಡುಕುತ್ತಿದ್ದಾರೆ ಎನ್ನುವುದು ಅವರ ಹುಬ್ಬಿನಲ್ಲೇ ಕಾಣುತ್ತಿತ್ತು. ಕೊನೆಗೆ ಒಂದು ಸಿಕ್ಕಿತು. "ಅದು ಸರಿ. ಆದರೆ ಎಲ್ಲಾ ತಿರುಗಿಸಿದ ಮೇಲೆ ಬಂದೂಕೂ ತಿರುಗಬೇಕಲ್ಲ? ಇವರೆಲ್ಲ ಬಂದೂಕನ್ನ ಬಲಗೈಯಲ್ಲೇ ಹಿಡಿದಿದ್ದಾರೆ."

ದಂಡನಾಯಕ ಎಡಗೈ ಎತ್ತಿದ. "ನಂದು ಈ ಕೈಯಲ್ಲಿದೆ" ಎಂದ.

ಮೊದಲು ಎಲ್ಲರೂ ಆ ಕೈಯನ್ನು ನೋಡಿದರು. ಆಮೇಲೆ ಬೀಗದಣ್ಣ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದ. ತಟ್ಟೆಯಲ್ಲಿದ್ದ ಟೀ ಚೆಲ್ಲಿತು. ಮೇಷ್ಟ್ರು ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಗುವಿನ ನೀರೋ ಬೇರೆಯದೋ ಅವರಿಗೇ ಗೊತ್ತು.

"ಆಯ್ತಪ್ಪ, ನಿಲ್ಲಿಸು ನಿನ್ನ ಸೈನ್ಯ" ಎಂದು ಪುಸ್ತಕ ಮಡಿಚಿ ಕೋಟಿನ ಜೇಬಿಗೆ ಹಾಕಿಕೊಂಡರು. "ಆದರೆ ಆ ನೀಲಿ ಬಾಲದ ಕುದುರೆ ಮಾತ್ರ ನಾನು ಒಪ್ಪಲ್ಲ."

"ಅದು ಸರದಾರನ ಕುದುರೆ. ಅದರ ಇಷ್ಟ" ಎಂದ ಬೀಗದಣ್ಣ.

ಅತ್ತಿಗೆ ಇನ್ನೂ ಹೊಸಿಲಲ್ಲೇ ನಿಂತಿದ್ದಳು. ಸಿಟ್ಟು ಬರಬೇಕೋ ಬೇಡವೋ ತಿಳಿಯಲಿಲ್ಲ. ಗುರುವಾರದಿಂದ ಇವನು ಗೊತ್ತಿದ್ದೂ ಗೊತ್ತಿದ್ದೂ ತನ್ನ ಕೈಯಲ್ಲಿ ತಪ್ಪು ಹೊಳೆಗೆ ಮೂರು ಪದರ ವಾರ್ನಿಶ್ ಹಚ್ಚಿಸಿದನಲ್ಲ, ಭೂಪ.

"ಅತ್ತಿಗೆ" ಎಂದ ದಂಡನಾಯಕ.

"ಏನು, ಕನ್ನಡಕವಾ?"

"ಹೋಗಿ ಮಲಕ್ಕೊಳ್ಳಿ."

ತನಗೆ ನಿದ್ದೆ ಬೇಕು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಸುಮ್ಮನೆ ಹಿಂದಿನ ಕೋಣೆಗೆ ಹೋಗಿ ಪರದೆ ಎಳೆದಳು. ಗೋಡೆಗೆ ಮುಖ ಮಾಡಿ ಮಲಗಿದಳು. ಅಂಗೈಯಲ್ಲಿ ಪ್ಲಾಸ್ಟರಿನ ವಾಸನೆ, ಹಳೆಯ ಕೆಲಸದ ಮನೆಯ ವಾಸನೆ. ಮುಂದಿನ ಕೋಣೆಯಲ್ಲಿ ಟೇಪು ಸರ್ರನೆ ಒಳಗೆ ಸರಿದ ಸದ್ದು. ದಾಳ ಉರುಳಿತು. "ತಾಗಲಿಲ್ಲ!" "ತಾಗಿತು ಕಣಯ್ಯ, ಕನ್ನಡಕ ಹಾಕ್ಕೊಂಡು ನೋಡು." ಯಾರೂ ಅವಳನ್ನು ಕರೆಯಲಿಲ್ಲ. ಇನ್ನೇನು ಕರೆಯುತ್ತಾರೆ ಎಂದು ಕಾಯುತ್ತಲೇ ಅವಳು ಮುಳುಗಿಹೋದಳು.

ಎದ್ದಾಗ ಕಿಟಕಿ ಮಂಕಾಗಿತ್ತು. ಮನೆ ನಿಶ್ಶಬ್ದ. ಹೊರಗೆ ಬಂದು ನೋಡಿದರೆ ಗೆಳೆಯರು ಹೋಗಿದ್ದರು. ಲೋಟಗಳನ್ನು ಯಾರೋ ತೊಳೆದು ಬೋರಲು ಹಾಕಿದ್ದರು. ಒಂದೂ ಸರಿಯಾಗಿ ತೊಳೆದಿರಲಿಲ್ಲ. ದಂಡನಾಯಕ ಕುರ್ಚಿಯಲ್ಲಿ ಒಂದು ಕಡೆಗೆ ವಾಲಿಕೊಂಡಿದ್ದ, ದಿಂಬು ನೆಲದ ಮೇಲೆ ಬಿದ್ದಿತ್ತು. ಬಿದ್ದು ಎಷ್ಟು ಹೊತ್ತಾಗಿತ್ತೋ, ಅವನು ಕರೆದಿರಲಿಲ್ಲ. ಮೇಜಿನ ಮೇಲೆ ಸೈನ್ಯಗಳು ಎದುರುಬದುರಾಗಿ ಹಾಗೆಯೇ ನಿಂತಿದ್ದವು. ಕಣ್ಣು ಬರೆದಿದ್ದ ಸಿಪಾಯಿ ಹಿಂದಿನ ಸಾಲು ಬಿಟ್ಟು ಗಿರಣಿಯ ಬಾಗಿಲಿಗೆ ಬಂದಿದ್ದ.

"ಯಾರು ಗೆದ್ದಿದ್ದು?" ಎಂದಳು ಅವಳು, ದಿಂಬು ಎತ್ತಿ ಕೊಡವುತ್ತ.

"ಮುಗೀಲಿಲ್ಲ" ಎಂದ ಅವನು. "ಬರೋ ಭಾನುವಾರ. ಇಲ್ಲೇ. ಅಲ್ಲೀವರೆಗೂ... ಮೇಜು ಮುಟ್ಟೋ ಹಾಗಿಲ್ಲ."

"ಊಟ ಎಲ್ಲಿ ಮಾಡೋದು? ಗುಡ್ಡದ ಮೇಲಾ?"

ಅವನ ಮುಖದ ಅರ್ಧ ನಕ್ಕಿತು. ಅತ್ತಿಗೆ ದೀಪ ಹಾಕಿದಳು. ವಾರವಿಡೀ ತಟ್ಟೆ ಮಡಿಲಲ್ಲಿಟ್ಟುಕೊಂಡು ಉಣ್ಣಬೇಕು, ಹೊಟ್ಟು ಕಾಲಿಗೆ ಅಂಟಿ ಮನೆಯೆಲ್ಲ ಹುಲ್ಲಾಗುತ್ತದೆ. ಆಗಲಿ. ಅವನ ಕಂಕುಳಿಗೆ ಕೈ ಕೊಟ್ಟು ಸೊಂಟ ಬಿಗಿಹಿಡಿದಳು.

"ಏಳು. ಎಡಗಾಲು ಮೊದಲು" ಎಂದಳು.